ಜ್ಯಾಬಿಕ್ಸ್ 7.0: ನಿಗಾ ಸಮರ್ಥ, ಮೊದಲ ಪಾಸ್‌ವರ್ಡ್ ಮಾತ್ರ ಜಗಜ್ಜಾಹೀರು

ಸಂಸ್ಥೆಯ ಸರ್ವರ್, ಸ್ವಿಚ್, ರೂಟರ್, ಡೇಟಾಬೇಸ್‌ಗಳ ಸ್ಥಿತಿಗತಿಯನ್ನು ಒಂದೇ ಕಡೆ ಕುಳಿತು ಗಮನಿಸಬೇಕೆಂದು ಬಯಸುವವರ ಆಯ್ಕೆಪಟ್ಟಿಯಲ್ಲಿ ಜ್ಯಾಬಿಕ್ಸ್ ಬಹಳ ವರ್ಷಗಳಿಂದ ಇದೆ. ಲಾಟ್ವಿಯಾ ದೇಶದ ಅಲೆಕ್ಸೈ ವ್ಲಾಡಿಶೆವ್ ಅವರು 1998ರಲ್ಲಿ ಬ್ಯಾಂಕೊಂದರ ಒಳಬಳಕೆಗೆಂದು ಬರೆಯತೊಡಗಿ, 2001ರಲ್ಲಿ ಮುಕ್ತ ಪರವಾನಗಿಯಡಿ ಸಾರ್ವಜನಿಕರಿಗೆ ಒದಗಿಸಿದ ತಂತ್ರಾಂಶವಿದು. 2024ರ ಜೂನ್‌ನಲ್ಲಿ ಬಂದ 7.0 ದೀರ್ಘಾವಧಿ ಬೆಂಬಲವುಳ್ಳ ಆವೃತ್ತಿಯಾದ್ದರಿಂದ ಹೊಸದಾಗಿ ಅಳವಡಿಸುವವರೂ ಹಳೆಯದರಿಂದ ಬಡ್ತಿ ಪಡೆಯುವವರೂ ಇದನ್ನೇ ನೋಡುತ್ತಾರೆ.

ನಿಗಾ ಇಡುವ ಕೆಲಸದಲ್ಲಿ ಇದರ ಬಗ್ಗೆ ದೂರಲು ಹೆಚ್ಚೇನಿಲ್ಲ. ಏಜೆಂಟ್ (ಗಮನಿಸಬೇಕಾದ ಯಂತ್ರದಲ್ಲೇ ಓಡುವ ಪುಟ್ಟ ತಂತ್ರಾಂಶ) ಮೂಲಕವಾಗಲಿ, ಜಾಲದ ಸಾಧನಗಳ ಸ್ಥಿತಿ ಕೇಳಲು ಬಳಸುವ ಎಸ್‌ಎನ್‌ಎಂಪಿ ಎಂಬ ಸಂವಹನ ಕ್ರಮದ ಮೂಲಕವಾಗಲಿ ಮಾಹಿತಿ ತರಿಸಿಕೊಳ್ಳಬಹುದು. ಸಿದ್ಧ ಟೆಂಪ್ಲೇಟ್‌ಗಳು ಧಾರಾಳವಾಗಿವೆ. ಮುಖ್ಯ ಸರ್ವರ್‌ನ ಪರವಾಗಿ ಮಾಹಿತಿ ಸಂಗ್ರಹಿಸುವ ಪ್ರಾಕ್ಸಿಗಳನ್ನು ಗುಂಪಾಗಿಸಿ ಹೊರೆ ಹಂಚುವ ಸೌಲಭ್ಯ ಈ ಆವೃತ್ತಿಯಲ್ಲಿ ಹೊಸದು. ಪರವಾನಗಿ ಶುಲ್ಕವಿಲ್ಲ. ಇಷ್ಟನ್ನು ಹೇಳಿ ಮುಗಿಸಬಹುದಿತ್ತು. ಆದರೆ ಅಳವಡಿಕೆಯ ಕೊನೆಯ ಹಂತದಲ್ಲಿ ಎದುರಾಗುವ ಒಂದು ಲೋಪ ಈ ಎಲ್ಲ ಗುಣಗಳ ಬೆಲೆಯನ್ನೇ ಪ್ರಶ್ನಿಸುವಂತಿದೆ.

ಜ್ಯಾಬಿಕ್ಸ್‌ನ ವೆಬ್ ಅಳವಡಿಕೆ ಹಂತಹಂತವಾಗಿ ಸಾಗುತ್ತದೆ. ವೆಬ್ ಪುಟಗಳನ್ನು ನಡೆಸುವ ಪಿಎಚ್‌ಪಿ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತದೆ, ಡೇಟಾಬೇಸ್‌ನ ವಿವರ ಪಡೆಯುತ್ತದೆ, ಸರ್ವರ್‌ಗೆ ಹೆಸರಿಡಲು ಹೇಳುತ್ತದೆ, ಕಾಲವಲಯವನ್ನು ಕೇಳುತ್ತದೆ, ಪರದೆ ಯಾವ ಬಣ್ಣದಲ್ಲಿರಬೇಕೆಂಬುದನ್ನೂ ಕೇಳುತ್ತದೆ. ಅಡ್ಮಿನ್ ಖಾತೆಯ ಪಾಸ್‌ವರ್ಡ್ ಏನಿರಬೇಕೆಂದು ಮಾತ್ರ ಕೇಳುವುದಿಲ್ಲ. ಏಕೆಂದರೆ ಅದು ಮೊದಲೇ ನಿಗದಿಯಾಗಿದೆ: ಬಳಕೆದಾರನ ಹೆಸರು ಅಡ್ಮಿನ್, ಪಾಸ್‌ವರ್ಡ್ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆದ ತಂತ್ರಾಂಶದ ಹೆಸರೇ. ಅಧಿಕೃತ ಕೈಪಿಡಿಯಲ್ಲಿ ಅಚ್ಚಾಗಿರುವ, ಜಗತ್ತಿನ ಎಲ್ಲ ಹೊಸ ಜ್ಯಾಬಿಕ್ಸ್‌ಗಳಿಗೂ ಒಂದೇ ಆಗಿರುವ ಈ ಜೋಡಿಯನ್ನು ಬಳಸಿ ಒಳಹೊಕ್ಕ ಮೇಲೂ, ಬದಲಾಯಿಸದೆ ಮುಂದೆ ಹೋಗುವಂತಿಲ್ಲ ಎಂದು ತಡೆಯುವ ಪರದೆ ಬರುವುದಿಲ್ಲ. ಬಣ್ಣದ ಆಯ್ಕೆಗೆ ಒಂದು ಹಂತದಲ್ಲಿ ಜಾಗ ಸಿಕ್ಕಿತು, ಪಾಸ್‌ವರ್ಡ್‌ಗೆ ಸಿಗಲಿಲ್ಲ ಎಂಬುದು ವಿಚಿತ್ರ.

ಇನ್ನೂ ವಿಚಿತ್ರವಾದ ಸಂಗತಿ ಬೇರೆಯಿದೆ. ಜ್ಯಾಬಿಕ್ಸ್‌ನಲ್ಲಿ 6.0ನೇ ಆವೃತ್ತಿಯಿಂದ ಪಾಸ್‌ವರ್ಡ್ ನಿಯಮಗಳಿವೆ. ಸಾಮಾನ್ಯವಾಗಿ ಕನಿಷ್ಠ 8 ಅಕ್ಷರಗಳಿರಬೇಕು, ಸುಲಭವಾಗಿ ಊಹಿಸಬಹುದಾದದ್ದನ್ನು ಒಪ್ಪಿಕೊಳ್ಳಬಾರದು. ಮೂಲ ಅಡ್ಮಿನ್‌ನ ಪಾಸ್‌ವರ್ಡ್‌ನಲ್ಲಿರುವುದು ರೋಮನ್ ಲಿಪಿಯ 6 ಅಕ್ಷರಗಳು. ಅಂದರೆ ಹೊಸದಾಗಿ ಸೇರಿದ ಗುಮಾಸ್ತರೊಬ್ಬರು ತಮ್ಮ ಖಾತೆಗೆ ಇದೇ ಪಾಸ್‌ವರ್ಡ್ ಇಡಲು ಹೋದರೆ ತಂತ್ರಾಂಶ ಒಪ್ಪುವುದಿಲ್ಲ. ಅತ್ಯುನ್ನತ ಅಧಿಕಾರವಿರುವ ಖಾತೆಗೆ ಅದನ್ನು ತಾನೇ ಇಟ್ಟುಕೊಡುತ್ತದೆ. ಈ ನಿಯಮಗಳು ಹೊಸ ಪಾಸ್‌ವರ್ಡ್ ಇಡುವಾಗ ಮಾತ್ರ ಅನ್ವಯವಾಗುವುದರಿಂದ, ಮೊದಲಿನಿಂದ ಇರುವ ದುರ್ಬಲ ಪಾಸ್‌ವರ್ಡ್ ಯಾವ ತಕರಾರೂ ಇಲ್ಲದೆ ಉಳಿದುಕೊಳ್ಳುತ್ತದೆ. ಸತತ ಐದು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ 30 ಸೆಕೆಂಡು ತಡೆಹಿಡಿಯುವ ರಕ್ಷಣೆಯೂ ಇದೆ. ಮೊದಲ ಪ್ರಯತ್ನದಲ್ಲೇ ಸರಿಯಾದದ್ದನ್ನು ಕೊಡಬಲ್ಲವನಿಗೆ ಅದರಿಂದ ಯಾವ ಅಡ್ಡಿಯೂ ಇಲ್ಲ.

ಪ್ರಯೋಗಕ್ಕೆಂದು ಕಂಪನಿಯೇ ಒದಗಿಸುವ ಸಿದ್ಧ ವರ್ಚುವಲ್ ಯಂತ್ರದಲ್ಲಿ ಈ ದ್ವಂದ್ವ ಇನ್ನಷ್ಟು ನಿಚ್ಚಳವಾಗಿ ಕಾಣುತ್ತದೆ. ಅದರಲ್ಲಿ ಡೇಟಾಬೇಸ್‌ನ ಪಾಸ್‌ವರ್ಡ್‌ಗಳು ಅಳವಡಿಕೆಯ ಸಮಯದಲ್ಲಿ ಯಾದೃಚ್ಛಿಕವಾಗಿ ಹುಟ್ಟುತ್ತವೆ. ಅದೇ ಯಂತ್ರದ ಸರ್ವಾಧಿಕಾರವುಳ್ಳ ರೂಟ್ ಖಾತೆಗೂ ವೆಬ್ ಲಾಗಿನ್‌ಗೂ ಮಾತ್ರ ಹಳೆಯ ಆರಕ್ಷರದ ಪದವೇ ಪಾಸ್‌ವರ್ಡ್. ಇದು ಗಂಭೀರ ಬಳಕೆಗಲ್ಲ ಎಂದು ಕೈಪಿಡಿ ಎಚ್ಚರಿಸುತ್ತದೆ, ನಿಜ. ಆದರೆ ಇಬ್ಬರು ಮೂವರು ಸೇರಿ ಇಡೀ ಐಟಿ ವಿಭಾಗವನ್ನು ನಡೆಸುವ ಕಡೆಗಳಲ್ಲಿ ಪ್ರಯೋಗಕ್ಕೆ ತಂದದ್ದು ನಾಲ್ಕು ತಿಂಗಳಲ್ಲಿ ಖಾಯಂ ಆಗುವುದು ಹೊಸ ಮಾತೇನಲ್ಲ.

ನಿಗಾ ತಂತ್ರಾಂಶಕ್ಕೆ ಯಾರೋ ನುಗ್ಗಿದರೆ ನಾಲ್ಕು ನಕ್ಷೆ, ನಾಲ್ಕು ಅಂಕಿ ನೋಡಿಯಾರು, ಅಷ್ಟೇ ತಾನೆ ಎಂದು ಭಾವಿಸುವವರಿದ್ದಾರೆ. ಜ್ಯಾಬಿಕ್ಸ್‌ನ ಮಟ್ಟಿಗೆ ಇದು ತಪ್ಪು ಲೆಕ್ಕ. ಮೂಲ ಅಡ್ಮಿನ್‌ನಂತೆ ಸೂಪರ್ ಅಡ್ಮಿನ್ ಅಧಿಕಾರ ಇರುವವರು ಹೊಸ ಐಟಂ (ಯಾವ ಮಾಹಿತಿ ತರಬೇಕೆಂಬ ಸೂಚನೆ) ಸೃಷ್ಟಿಸಿ, ಏಜೆಂಟ್ ಓದಬಲ್ಲ ಯಾವುದೇ ಕಡತದ ಒಳಗನ್ನು ತರಿಸಿಕೊಳ್ಳಬಹುದು. ಲಿನಕ್ಸ್‌ನಲ್ಲಿ ಏಜೆಂಟ್ ಸೀಮಿತ ಅಧಿಕಾರದ ಬಳಕೆದಾರನಾಗಿ ಓಡುತ್ತದೆ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಬಹುತೇಕ ಎಲ್ಲ ಅಧಿಕಾರವಿರುವ ಲೋಕಲ್ ಸಿಸ್ಟಮ್ ಖಾತೆಯ ಹೆಸರಿನಲ್ಲಿ ಓಡುವುದರಿಂದ ಅದರ ಕಣ್ಣಿಗೆ ಬೀಳದ ಕಡತಗಳು ಕಡಿಮೆ. ಏಜೆಂಟ್ ಮೂಲಕ ಆಜ್ಞೆ ನಡೆಸುವ ಸೌಲಭ್ಯವನ್ನು ಕಂಪನಿ ಮೊದಲೇ ಮುಚ್ಚಿಟ್ಟಿದೆ, ಅದು ಮೆಚ್ಚಬೇಕಾದ ನಿರ್ಧಾರ. ಆದರೆ ಕೆಟ್ಟು ನಿಂತ ಸೇವೆಯನ್ನು ತಾನಾಗಿ ಮರುಚಾಲನೆ ಮಾಡಿಸುವ ಅನುಕೂಲಕ್ಕಾಗಿ ಅದನ್ನು ತೆರೆದುಕೊಂಡ ಸಂಸ್ಥೆಗಳಲ್ಲಿ ಒಂದು ಲಾಗಿನ್ ಎಂದರೆ ಅಂಥ ಪ್ರತಿಯೊಂದು ಸರ್ವರ್‌ನ ಮೇಲೂ ಆಜ್ಞೆ ನಡೆಸುವ ಹಕ್ಕು. ಹಲವೆಡೆ ಬಳಸಲೆಂದು ಹೆಸರಿಟ್ಟು ಕಾಯ್ದಿಡುವ ಮ್ಯಾಕ್ರೋಗಳಲ್ಲಿ ಇಟ್ಟ, ಪಾಸ್‌ವರ್ಡ್‌ನಂಥ ಗುಪ್ತ ಮೌಲ್ಯಗಳು ಪರದೆಯ ಮೇಲೆ ಕಾಣದಿದ್ದರೂ, ಅವನ್ನು ಬಳಸುವ ಐಟಂ ಒಂದನ್ನು ರಚಿಸಿ ಹೊರಗಿನ ವಿಳಾಸಕ್ಕೆ ಕಳುಹಿಸುವುದು ಅಡ್ಮಿನ್‌ಗೆ ಕಷ್ಟವಲ್ಲ.

ಬದಲಾಯಿಸುವುದು ಬಳಕೆದಾರರ ಹೊಣೆ ಎಂಬ ವಾದವನ್ನು ಈಗ ಸರ್ಕಾರಗಳೂ ಪೂರ್ತಿಯಾಗಿ ಒಪ್ಪುತ್ತಿಲ್ಲ. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಪಟ್ಟಣದ ನೀರು ಸರಬರಾಜು ಪ್ರಾಧಿಕಾರದಲ್ಲಿ ಯಂತ್ರಗಳನ್ನು ನಡೆಸುವ ಯುನಿಟ್ರಾನಿಕ್ಸ್ ಕಂಪನಿಯ ನಿಯಂತ್ರಕವೊಂದು ದಾಳಿಗೆ ಸಿಕ್ಕಿತು. ಆ ಸಾಧನಗಳಿಗೆ ಮೊದಲೇ ಇಟ್ಟಿದ್ದ ಪಾಸ್‌ವರ್ಡ್ 1111. ಮರುತಿಂಗಳೇ ಆ ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸಿಸಾ, ಇಂಥ ಪಾಸ್‌ವರ್ಡ್‌ಗಳನ್ನೇ ಕೈಬಿಡುವಂತೆ ತಯಾರಕರಿಗೆ ಕರೆಕೊಟ್ಟಿತು. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಮನೆಬಳಕೆಯ ಇಂಟರ್‌ನೆಟ್ ಸಾಧನಗಳಿಗೆ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡುವುದು ಕಾನೂನುಬಾಹಿರ. ಕ್ಯಾಮೆರಾಕ್ಕೆ ಅನ್ವಯಿಸುವ ನಿಯಮ ಡೇಟಾ ಸೆಂಟರ್‌ನ ತಂತ್ರಾಂಶಕ್ಕೆ ಅನ್ವಯಿಸದೆ ಉಳಿದಿರುವುದು ಸದ್ಯದ ಸ್ಥಿತಿ.

ಇದನ್ನು ಸರಿಪಡಿಸಲು ಹೊಸ ಸಂಶೋಧನೆಯೇನೂ ಬೇಕಿಲ್ಲ. 2015ರ ಮೈಎಸ್‌ಕ್ಯೂಎಲ್ 5.7 ಡೇಟಾಬೇಸ್ ತನ್ನ ರೂಟ್ ಖಾತೆಗೆ ತಾತ್ಕಾಲಿಕ ಪಾಸ್‌ವರ್ಡ್ ಒಂದನ್ನು ತಾನೇ ಸೃಷ್ಟಿಸಿ ಲಾಗ್ ಕಡತದಲ್ಲಿ ಬರೆದಿಡುತ್ತದೆ. ತಂತ್ರಾಂಶ ಕಟ್ಟುವ ಕೆಲಸವನ್ನು ತಾನಾಗಿ ನಡೆಸುವ, 2016ರ ಜೆಂಕಿನ್ಸ್ 2.0 ಕೂಡ ಹಾಗೆಯೇ. ಸರ್ವರ್‌ನೊಳಗಿನ ಕಡತವನ್ನು ತೆರೆದು ನೋಡಬಲ್ಲವರಿಗೆ ಮಾತ್ರ ಮೊದಲ ಪ್ರವೇಶ. ಅಂಕಿಗಳನ್ನು ನಕ್ಷೆಗಳಾಗಿ ತೋರಿಸುವ ಗ್ರಫಾನಾ ನಡುದಾರಿ ಹಿಡಿದಿದೆ: ಹೆಸರೂ ಪಾಸ್‌ವರ್ಡೂ ಅಡ್ಮಿನ್ ಎಂದೇ ಇದ್ದರೂ ಮೊದಲ ಲಾಗಿನ್‌ನಲ್ಲಿ ಬದಲಾಯಿಸಲು ಸೂಚಿಸುತ್ತದೆ, ಆದರೆ ದಾಟಿ ಹೋಗಲು ಗುಂಡಿಯೊಂದನ್ನೂ ಕೊಡುತ್ತದೆ. ಅವಸರದಲ್ಲಿರುವವರು ಆ ಗುಂಡಿಯನ್ನೇ ಒತ್ತುತ್ತಾರೆ ಎಂಬುದು ಬೇರೆ ಮಾತು. ಜ್ಯಾಬಿಕ್ಸ್ ಕನಿಷ್ಠ ಅಷ್ಟನ್ನೂ ಮಾಡಿಲ್ಲ.

ಹಾಗೆಂದು ಜ್ಯಾಬಿಕ್ಸ್ ಬೇಡ ಎನ್ನುವುದು ನನ್ನ ತೀರ್ಮಾನವಲ್ಲ. ಇದೇ ಬೆಲೆಗೆ, ಅಂದರೆ ಬೆಲೆಯೇ ಇಲ್ಲದೆ, ಇಷ್ಟು ವ್ಯಾಪ್ತಿಯ ನಿಗಾ ಬೇರೆಡೆ ಸಿಗುವುದು ಕಷ್ಟ. 7.0ರಲ್ಲಿ ಎರಡನೇ ಹಂತದ ದೃಢೀಕರಣವೂ ತಂತ್ರಾಂಶದೊಳಗೇ ಬಂದಿದೆ, ಆದರೆ ಅದನ್ನು ಅಡ್ಮಿನ್‌ರೇ ಹೊಂದಿಸಿಕೊಳ್ಳಬೇಕು. ನಾನು ಹೇಳುವುದು ಅಳವಡಿಕೆಯ ಕ್ರಮದ ಬಗ್ಗೆ: ವೆಬ್ ಪುಟವನ್ನು ನಿಮ್ಮ ಯಂತ್ರಕ್ಕಷ್ಟೇ ಕಾಣುವಂತೆ ಫೈರ್‌ವಾಲ್‌ನಲ್ಲಿ ನಿರ್ಬಂಧಿಸಿ, ನಿಮ್ಮ ಹೆಸರಿನಲ್ಲಿ ಬೇರೊಂದು ಸೂಪರ್ ಅಡ್ಮಿನ್ ಖಾತೆ ತೆರೆದು, ಮೂಲ ಅಡ್ಮಿನ್‌ನ ಪಾಸ್‌ವರ್ಡ್ ಬದಲಿಸಿ ಆ ಖಾತೆಯನ್ನು ನಿಷ್ಕ್ರಿಯಗೊಳಿಸಿ, ಆಮೇಲೆ ಉಳಿದವರಿಗೆ ವಿಳಾಸ ಕೊಡಿ. ಸಂಸ್ಥೆಯ ಕೇಂದ್ರ ಬಳಕೆದಾರ ಪಟ್ಟಿಯಿಂದಲೇ ಲಾಗಿನ್ ಮಾಡಿಸುವ ಎಲ್‌ಡಿಎಪಿ ಜೋಡಿಸಿದೆವು, ಇನ್ನು ಚಿಂತೆಯಿಲ್ಲ ಎಂದು ಬಿಡುವಂತಿಲ್ಲ; ಜ್ಯಾಬಿಕ್ಸ್ ತಾನೇ ಪಾಸ್‌ವರ್ಡ್ ಪರಿಶೀಲಿಸುವ ಒಳದೃಢೀಕರಣದ ಗುಂಪಿನಲ್ಲಿ ಉಳಿದ ಖಾತೆಗೆ ಹಳೆಯ ಪಾಸ್‌ವರ್ಡ್ ನಡೆಯುತ್ತಲೇ ಇರುತ್ತದೆ.

ಹಳೆಯ ಆವೃತ್ತಿಯಿಂದ 7.0ಕ್ಕೆ ಬಂದವರು ಇನ್ನೊಂದನ್ನು ನೋಡಿಕೊಳ್ಳಬೇಕು. ಜ್ಯಾಬಿಕ್ಸ್ ಸರ್ವರ್‌ನ ಮೇಲೆಯೇ ಆಜ್ಞೆ ನಡೆಸುವ ಗ್ಲೋಬಲ್ ಸ್ಕ್ರಿಪ್ಟ್ ಸೌಲಭ್ಯ ಹೊಸ ಅಳವಡಿಕೆಗಳಲ್ಲಿ ಮುಚ್ಚಿರುತ್ತದೆ, ಬಡ್ತಿ ಪಡೆದವುಗಳಲ್ಲಿ ಮೊದಲಿನಂತೆ ತೆರೆದೇ ಇರುತ್ತದೆ. ಅದನ್ನು ಬಳಸುತ್ತಿಲ್ಲವಾದರೆ ಸರ್ವರ್‌ನ ಸಂರಚನಾ ಕಡತದಲ್ಲಿ ಅದರ ಮೌಲ್ಯವನ್ನು ಸೊನ್ನೆ ಮಾಡಿ, ಸೇವೆಯನ್ನು ಮರುಚಾಲನೆ ಮಾಡಿ.