ಶಾಲೆಯೋ, ಮಾಂಟೆಸ್ಸರಿಯೋ, ಮನೆಯಲ್ಲೇ ಕಲಿಕೆಯೋ?

ಓದು, ಬರಹ, ಲೆಕ್ಕದ ಬುನಾದಿ ಸಡಿಲವಾದರೆ ಮುಂದಿನ ತರಗತಿಗಳೆಲ್ಲ ಭಾರವೇ. ಹಾಗಾಗಿ ಮಗುವನ್ನು ಎಲ್ಲಿಗೆ ಸೇರಿಸುವುದೆಂದು ತಲೆಕೆಡಿಸಿಕೊಳ್ಳುವುದು ಸಹಜ.

ಸಾಮಾನ್ಯ ಶಾಲೆಯ ಬಲ ಅದರ ಕ್ರಮ. ಪಠ್ಯ, ಪರೀಕ್ಷೆ, ಪ್ರಮಾಣಪತ್ರ ಎಲ್ಲವೂ ಸಿದ್ಧ. ತೊಡಕೆಂದರೆ, ನಲವತ್ತು ಮಕ್ಕಳಿಗೂ ಒಂದೇ ವೇಗ.

1907ರಲ್ಲಿ ರೋಮ್‌ನಲ್ಲಿ ಮರಿಯಾ ಮಾಂಟೆಸ್ಸರಿ ಶುರುಮಾಡಿದ ಪದ್ಧತಿ ಈ ಗಂಟನ್ನೇ ಬಿಚ್ಚಲು ಹೊರಟಿತು. ಬೇರೆಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ, ತಮ್ಮ ಪಾಡಿಗೆ ತಾವು ಕೆಲಸದಲ್ಲಿ. ಉದಾಹರಣೆಗೆ, ಮರದ ಸಿಲಿಂಡರುಗಳನ್ನು ಅವುಗಳ ಅಳತೆಗೆ ಕೊರೆದ ಗುಳಿಗಳಲ್ಲಿ ಕೂರಿಸುವ ಕೆಲಸ: ಒಂದನ್ನು ತಪ್ಪು ಗುಳಿಯಲ್ಲಿ ಇಟ್ಟರೆ ಕೊನೆಗೊಂದು ಹೊರಗೇ ಉಳಿಯುತ್ತದೆ. ತಪ್ಪು ಮಗುವಿಗೇ ಗೊತ್ತಾಗುತ್ತದೆ, ಟೀಚರ್ ಬಾಯಿ ಬಿಡಬೇಕಿಲ್ಲ. ಆದರೆ ಈ ಹೆಸರನ್ನು ಬಹುತೇಕ ಕಡೆ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬೋರ್ಡ್ ನಂಬಬೇಡಿ, ಒಂದು ಬೆಳಗ್ಗೆ ತರಗತಿಯಲ್ಲಿ ಕೂತು ನೋಡಿ.

1919ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ವಾಲ್ಡಾರ್ಫ್ ಶಾಲೆಗಳಲ್ಲಿ ಕಥೆ, ಕೈಕೆಲಸ ಮೊದಲು; ಅಕ್ಷರ ನಿಧಾನಕ್ಕೆ. ನಡುವೆ ಶಾಲೆ ಬದಲಿಸುವವರಿಗೆ ಇದು ಕಷ್ಟ.

ಮನೆಯಲ್ಲೇ ಕಲಿಸುವುದಾದರೆ ಮೊದಲು ಕಾನೂನು ನೋಡಿ. ಅದೇ ಜರ್ಮನಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ಜೊತೆಗೆ ದಿನವಿಡೀ ಬಿಡುವಿರುವ, ತಾಳ್ಮೆಯೂ ಇರುವ ಒಬ್ಬರು ಬೇಕು. ಮಗುವಿಗೆ ಗೆಳೆಯರನ್ನು ಹುಡುಕಿಕೊಡುವ ಕೆಲಸವೂ ಅವರದೇ. ಅಂಥವರು ಮನೆಯಲ್ಲಿ ಇಲ್ಲದಿದ್ದರೆ, ನನ್ನ ಓಟು ಹತ್ತಿರದ ಸಾಮಾನ್ಯ ಶಾಲೆಗೇ.