ಎತ್ತರದ ಮರಗಳ ಚರಿತ್ರೆ ತೆರೆಯುವ ಬೈರಿಗೆ: ಇನ್‌ಕ್ರಿಮೆಂಟ್ ಬೋರರ್ ವಿಮರ್ಶೆ

ಪರ್ವತಗಳಲ್ಲಿ ಒಂದು ಎತ್ತರ ದಾಟಿದರೆ ಮರ ಬೆಳೆಯುವುದಿಲ್ಲ. ಆ ವೃಕ್ಷರೇಖೆಯ ಅಂಚಿನಲ್ಲಿ ನಿಂತ ಮರಗಳ ಮೇಲೆ ಹವಾಮಾನ ಬದಲಾವಣೆ ಏನು ಮಾಡುತ್ತಿದೆ ಎಂಬುದನ್ನು ಮರ ಕಡಿಯದೆ ತಿಳಿಯಬೇಕಾದರೆ ಇನ್‌ಕ್ರಿಮೆಂಟ್ ಬೋರರ್‌ನಷ್ಟು ನೆಚ್ಚಬಹುದಾದ ಕೈಸಾಧನ ಇನ್ನೊಂದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಅರಣ್ಯ ವಿಜ್ಞಾನಿ ಮ್ಯಾಕ್ಸ್ ರಾಬರ್ಟ್ ಪ್ರೆಸ್ಲರ್ ರೂಪಿಸಿದ ಈ ಉಪಕರಣದ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ಒಂದು ಟೊಳ್ಳಾದ ಉಕ್ಕಿನ ಬೈರಿಗೆ, ಅದನ್ನು ತಿರುಗಿಸಲು ಅಡ್ಡ ಹಿಡಿ, ಒಳಗೆ ಸಿಕ್ಕ ಕಟ್ಟಿಗೆಯ ಕಡ್ಡಿಯನ್ನು ಹೊರಗೆಳೆಯಲು ತೆಳುವಾದ ಲೋಹದ ಪಟ್ಟಿ, ಇಷ್ಟೇ ಅದರ ಅಂಗಗಳು. ಬೈರಿಗೆ, ಪಟ್ಟಿ ಎರಡೂ ಹಿಡಿಯೊಳಗೇ ಸೇರಿಕೊಳ್ಳುವುದರಿಂದ ಗಾಳಿ ತೆಳುವಾದ ಎತ್ತರಕ್ಕೆ ಹೊತ್ತೊಯ್ಯಲು ಭಾರವಾಗುವುದಿಲ್ಲ.

ನಾನು ಬಳಸಿ ನೋಡಿದ್ದು 40 ಸೆಂಟಿಮೀಟರ್ ಉದ್ದದ, 5.15 ಮಿಲಿಮೀಟರ್ ವ್ಯಾಸದ ಕಡ್ಡಿ ಕೊಡುವ, ತುದಿಯಲ್ಲಿ ಮೂರು ಥ್ರೆಡ್‌ಗಳ (ತಿರುಪಿನ ಸುರುಳಿ ಏಣುಗಳ) ಮಾದರಿಯನ್ನು. ಪೈನ್, ಫರ್ ಮುಂತಾದ ಮೆದು ಮರಗಳಲ್ಲಿ ಇದು ಬೇಗ ಒಳಗಿಳಿಯುತ್ತದೆ. ಗಟ್ಟಿ ಮರಗಳಿಗಾದರೆ ಎರಡು ಥ್ರೆಡ್‌ಗಳದ್ದೇ ಲೇಸು, ಏಕೆಂದರೆ ಪ್ರತಿ ಸುತ್ತಿಗೆ ಮುಂದೆ ಸಾಗುವುದು ಕಡಿಮೆಯಾದರೂ ತೋಳಿಗೆ ಬೀಳುವ ಭಾರವೂ ಕಡಿಮೆ. ಕಷ್ಟವಿರುವುದು ಮೊದಲ ಕೆಲವು ಸುತ್ತುಗಳಲ್ಲಿ. ತುದಿ ತೊಗಟೆಯನ್ನು ದಾಟಿ ಕಟ್ಟಿಗೆಯನ್ನು ಕಚ್ಚುವವರೆಗೆ ಮೈಭಾರವನ್ನೆಲ್ಲ ಹಾಕಿ ಒತ್ತಬೇಕು ಮತ್ತು ಆ ಹೊತ್ತಿನಲ್ಲಿ ಬೈರಿಗೆ ಅಲುಗಾಡಿದರೆ ಕಡ್ಡಿ ತಿರುಚಿಕೊಂಡು ಬರುತ್ತದೆ. ಇಳಿಜಾರಿನಲ್ಲಿ ನಿಂತ ಸೂಚಿಪರ್ಣಿ ಮರಗಳು ಕೆಳಮುಖದಲ್ಲಿ ಒತ್ತಡದ ಕಟ್ಟಿಗೆಯನ್ನು ಬೆಳೆಸಿಕೊಳ್ಳುವುದರಿಂದ ಅಲ್ಲಿನ ಉಂಗುರಗಳು, ಅಂದರೆ ಕಾಂಡದೊಳಗೆ ವರ್ಷಕ್ಕೊಂದರಂತೆ ಕಟ್ಟುವ ಬೆಳವಣಿಗೆಯ ಪದರಗಳು, ಅಸಹಜವಾಗಿ ಅಗಲವಾಗಿರುತ್ತವೆ. ಹಾಗಾಗಿ ಇಳಿಜಾರಿಗೆ ಅಡ್ಡಲಾಗಿಯೇ ಕೊರೆಯಬೇಕು. ಸಾಕಷ್ಟು ಆಳಕ್ಕೆ ಹೋದ ಮೇಲೆ ಪಟ್ಟಿಯನ್ನು ಒಳತೂರಿಸಿ, ಹಿಡಿಯನ್ನು ಒಮ್ಮೆ ಹಿಂದಕ್ಕೆ ತಿರುಗಿಸಿದರೆ ಕಡ್ಡಿ ಬುಡದಲ್ಲಿ ಮುರಿದು ಹೊರಗೆ ಬರುತ್ತದೆ. ಅದನ್ನು ನೋಡುತ್ತ ನಿಲ್ಲದೆ ಮೊದಲು ಬೈರಿಗೆಯನ್ನು ಮರದಿಂದ ತೆಗೆಯಬೇಕು. ತಡಮಾಡಿದರೆ ರಾಳ ಹಿಡಿದುಕೊಂಡು ಉಕ್ಕು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಥ್ರೆಡ್‌ಗಳಿಗೆ ಜೇನುಮೇಣ ಸವರಿದರೆ ಕೆಲಸ ಹಗುರವಾಗುತ್ತದೆ.

ಈ ಉಪಕರಣದ ನಿಜವಾದ ಬೆಲೆ ತಿಳಿಯುವುದು ಕಡ್ಡಿಯನ್ನು ಒಣಗಿಸಿ, ಮರದ ಪಟ್ಟಿಯ ತೋಡಿನಲ್ಲಿ ಅಂಟಿಸಿ, ಒಂದಕ್ಕಿಂತ ಒಂದು ನಯವಾದ ಉಪ್ಪುಕಾಗದಗಳಿಂದ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ. ವೃಕ್ಷರೇಖೆಯ ಹಳೆಯ ಮರದಲ್ಲಿ ಒಂದು ವರ್ಷದ ಉಂಗುರ ಎಷ್ಟೋ ವೇಳೆ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಬೇಸಗೆಯ ಆರಂಭದ ತೆಳುಬಣ್ಣದ ದೊಡ್ಡ ಕೋಶಗಳು, ಕೊನೆಯ ದಟ್ಟಬಣ್ಣದ ಕಿರಿದಾದ ಕೋಶಗಳು, ಮತ್ತೆ ತೆಳುಬಣ್ಣ, ಹೀಗೆ ಸಾಲು ಮುಂದುವರಿಯುತ್ತದೆ. ನಡುವೆ ಎಲ್ಲೋ ಒಂದು ಕಡೆ ಕೋಶಗಳು ನಜ್ಜುಗುಜ್ಜಾಗಿ ಕಂಡರೆ ಅದು ಬೆಳೆಯುವ ಕಾಲದಲ್ಲಿ ಬಡಿದ ಹಿಮದ ಗುರುತು. ಕೆಲವು ಕಡ್ಡಿಗಳ ಹೊರತುದಿಯಲ್ಲಿ ಬೂದಿಮಿಶ್ರಿತ ನೀಲಿಯ ಕಲೆ ಇರುತ್ತದೆ. ಅದು ತೊಗಟೆ ಜೀರುಂಡೆಗಳು ಹೊತ್ತು ತಂದ ಶಿಲೀಂಧ್ರದ್ದು; ಹೊರಗಿನಿಂದ ಹಸಿರಾಗಿಯೇ ಕಾಣುವ ಮರದಲ್ಲೂ ಈ ಕಲೆ ಕಂಡರೆ ಅದರ ದಿನಗಳು ಮುಗಿಯುತ್ತ ಬಂದಿವೆ ಎಂದು ತಿಳಿಯಬೇಕು. ಇಷ್ಟನ್ನು ಐದು ಮಿಲಿಮೀಟರ್ ದಪ್ಪದ ಕಡ್ಡಿಯೊಂದು ತೋರಿಸುತ್ತದೆಂಬುದೇ ಈ ಸಾಧನದ ಪರವಾಗಿ ಹೇಳಬಹುದಾದ ಅತಿ ದೊಡ್ಡ ಮಾತು.

ಇಂಥ ಕಡ್ಡಿಗಳಿಂದ ಏನು ತಿಳಿದಿದೆ ಎಂಬುದಕ್ಕೆ ಅಮೆರಿಕದ ಪಶ್ಚಿಮ ಭಾಗದ ಬ್ರಿಸಲ್‌ಕೋನ್ ಪೈನ್ ಮರಗಳೇ ಒಳ್ಳೆಯ ಉದಾಹರಣೆ. ವೃಕ್ಷರೇಖೆಗೆ ತೀರ ಹತ್ತಿರವಿರುವ ಆ ಮರಗಳಲ್ಲಿ ಇಪ್ಪತ್ತನೇ ಶತಮಾನದ ಎರಡನೆಯ ಅರ್ಧದ ಉಂಗುರಗಳು ಹಿಂದಿನ ಸುಮಾರು 3,700 ವರ್ಷಗಳ ಯಾವ ಐವತ್ತು ವರ್ಷಗಳಿಗಿಂತಲೂ ಅಗಲವಾಗಿವೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದಕ್ಕೆ ಕಾರಣ ಕಠಿಣವಲ್ಲ. ಬೆಳೆಯುವ ಕಾಲದ ಸರಾಸರಿ ಉಷ್ಣತೆ ಸುಮಾರು 6ರಿಂದ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮರ ಹೊಸ ಕಟ್ಟಿಗೆ ಕಟ್ಟಲಾರದು. ಆ ಗಡಿಯಲ್ಲೇ ಬದುಕುವ ಮರಕ್ಕೆ ಸ್ವಲ್ಪ ಬಿಸಿಯೇರಿದರೂ ಬೆಳವಣಿಗೆಗೆ ದಾರಿ ತೆರೆದಂತಾಗುತ್ತದೆ.

ಇಲ್ಲಿಯೇ ಕೊಳ್ಳುವವರಿಗೆ ನನ್ನ ಮುಖ್ಯ ಎಚ್ಚರಿಕೆಯಿದೆ. ಅಗಲವಾದ ಉಂಗುರ ಮರದ ಆರೋಗ್ಯಕ್ಕೆ ಕೊಟ್ಟ ಪ್ರಮಾಣಪತ್ರವಲ್ಲ. ಅದೇ ಬ್ರಿಸಲ್‌ಕೋನ್ ಮರ ಅದೇ ಬೆಟ್ಟದಲ್ಲಿ ಇನ್ನಷ್ಟು ಕೆಳಗೆ ನಿಂತಿದ್ದರೆ ಅದರ ಉಂಗುರ ಬಿಸಿಲಿಗಿಂತ ನೀರಿನ ಲೆಕ್ಕವನ್ನೇ ಹೆಚ್ಚು ಬರೆದಿಡುತ್ತದೆ. ಹಿಮಾಲಯದಲ್ಲಿ ವೃಕ್ಷರೇಖೆಯ ತುದಿಯಲ್ಲೇ ಬೆಳೆಯುವ ಭೂರ್ಜ ವೃಕ್ಷಗಳಲ್ಲಿ ನಡೆದ ಅಧ್ಯಯನಗಳು ಕಂಡುಕೊಂಡದ್ದೂ ಇದನ್ನೇ: ಮುಂಗಾರಿಗೆ ಮುಂಚಿನ ಮಾರ್ಚ್‌ನಿಂದ ಮೇವರೆಗಿನ ತಿಂಗಳುಗಳು ಬಿಸಿಯಾಗಿ ಒಣಗಿದ ವರ್ಷ ಉಂಗುರ ಕಿರಿದಾಗುತ್ತದೆ, ಕೆಲವೊಮ್ಮೆ ಕಾಣೆಯೇ ಆಗುತ್ತದೆ. ತಂಪು ಕಳೆದರೆ ಎತ್ತರದ ಮರಗಳಿಗೆಲ್ಲ ಒಳಿತು ಎಂಬ ಸರಳ ನಂಬಿಕೆಯನ್ನು ಈ ಬೈರಿಗೆಯೇ ಒಡೆಯುತ್ತದೆ, ಆದರೆ ಒಂದೆರಡು ಮರಗಳಿಂದ ಕಡ್ಡಿ ತೆಗೆದು ತೀರ್ಮಾನ ಹೇಳುವವರ ಕೈಯಲ್ಲಿ ಅಲ್ಲ. ಕಾಣೆಯಾದ ಉಂಗುರವನ್ನು ಪತ್ತೆಹಚ್ಚಲು ಹಲವು ಮರಗಳ ಕಿರಿದಾದ ಉಂಗುರಗಳನ್ನು ಒಂದಕ್ಕೊಂದು ಹೊಂದಿಸಿ ನೋಡುವ ತಾಳ್ಮೆ ಬೇಕೇ ಬೇಕು.

ಬೈರಿಗೆಗೆ ಕಾಣದ ಸಂಗತಿಗಳೂ ಇವೆ, ಅವು ಸಣ್ಣವಲ್ಲ. ಕೊರೆಯಲು ಆಗುವಷ್ಟು ದಪ್ಪವಾಗಿ ಬೆಳೆದ ಮರವನ್ನಷ್ಟೇ ಅದು ಬಲ್ಲದು. ವೃಕ್ಷರೇಖೆ ಮೇಲೇರುತ್ತಿದೆಯೇ ಎಂಬ ಪ್ರಶ್ನೆಗೆ ಉತ್ತರವಿರುವುದು ಮೊಣಕಾಲೆತ್ತರದ ಸಸಿಗಳಲ್ಲಿ. ಜಗತ್ತಿನ 166 ತಾಣಗಳ ವರದಿಗಳನ್ನು ಒಟ್ಟುಗೂಡಿಸಿದ 2009ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ 1900ರಿಂದೀಚೆಗೆ ಶೇಕಡ 52ರಷ್ಟು ತಾಣಗಳಲ್ಲಿ ಮರಗಳು ಮೇಲೇರಿವೆ, ಶೇಕಡ 1ರಲ್ಲಿ ಮಾತ್ರ ಹಿಂದೆ ಸರಿದಿವೆ. ಉಳಿದ ಕಡೆ ಬಿಸಿಯೇರಿದರೂ ರೇಖೆ ಅಲ್ಲೇ ನಿಂತಿದೆ. ಬೀಜ ಬೀಳಬೇಕು, ಮೊಳೆಯಬೇಕು, ಚಳಿಗಾಲದ ಗಾಳಿಗೆ ಸಸಿ ಉಳಿಯಬೇಕು. ಇದಾವುದೂ ಹಳೆಯ ಮರದ ಉಂಗುರದಲ್ಲಿ ಬರೆದಿರುವುದಿಲ್ಲ. ಪಶ್ಚಿಮ ಅಮೆರಿಕದ ಗ್ರೇಟ್ ಬೇಸಿನ್ ಪ್ರದೇಶದ ಕೆಲವು ಪರ್ವತಗಳಲ್ಲಿ ಲಿಂಬರ್ ಪೈನ್ ಸಸಿಗಳು ಬ್ರಿಸಲ್‌ಕೋನ್ ಮರಗಳನ್ನು ದಾಟಿ ಮೇಲಿನ ಜಾಗ ಹಿಡಿಯುತ್ತಿರುವುದು ಗೊತ್ತಾದದ್ದು ಸಸಿಗಳನ್ನು ಎಣಿಸಿದ್ದರಿಂದಲೇ.

ಸತ್ತ ಮರಗಳನ್ನೂ ಹಾಗೆಯೇ ಬೇರೆಯಾಗಿ ಲೆಕ್ಕಿಸಬೇಕು. ಉತ್ತರ ಅಮೆರಿಕದ ಎತ್ತರದ ಪರ್ವತಗಳಲ್ಲಿ ಬೆಳೆಯುವ ವೈಟ್‌ಬಾರ್ಕ್ ಪೈನ್‌ನ ಕಥೆ ಇದನ್ನು ನೋವಿನಿಂದ ನೆನಪಿಸುತ್ತದೆ. ಹಿಂದೆ ಮೈನಸ್ 40 ಡಿಗ್ರಿಯ ಸುತ್ತಿನ ಕಡುಚಳಿ ತೊಗಟೆ ಜೀರುಂಡೆಯ ಮರಿಹುಳುಗಳನ್ನು ಕೊಲ್ಲುತ್ತಿತ್ತು. ಚಳಿಗಾಲ ಮೆತ್ತಗಾದಂತೆ ಅವು ಉಳಿದುಕೊಂಡವು, ಎತ್ತರದಲ್ಲಿ ಎರಡು ವರ್ಷ ಹಿಡಿಯುತ್ತಿದ್ದ ಜೀವನಚಕ್ರ ಹಲವೆಡೆ ಒಂದೇ ವರ್ಷಕ್ಕೆ ಇಳಿಯಿತು. ಹೊರಗಿನಿಂದ ಬಂದ ತುಕ್ಕು ರೋಗವೂ ಜೊತೆಗೂಡಿ ಅಪಾರ ಸಂಖ್ಯೆಯ ಮರಗಳು ಒಣಗಿದವು. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಸರ್ಕಾರ ಈ ಮರವನ್ನು ಅಪಾಯದಲ್ಲಿರುವ ಪ್ರಭೇದವೆಂದು ಘೋಷಿಸಬೇಕಾಯಿತು. ಬದುಕುಳಿದ ಮರಗಳಿಂದ ಮಾತ್ರ ಕಡ್ಡಿ ತೆಗೆದವರಿಗೆ ಈ ನಷ್ಟದ ಅಂದಾಜೇ ಸಿಗುವುದಿಲ್ಲ.

ಮರಕ್ಕೆ ಆಗುವ ಹಾನಿಯ ವಿಚಾರದಲ್ಲಿ ಮಾರಾಟಗಾರರ ಕೈಪಿಡಿಗಳು ತೀರ ನಿಶ್ಚಿಂತವಾಗಿರುವುದು ನನಗೆ ಒಪ್ಪಿಗೆಯಾಗದ ಸಂಗತಿ. ರಾಳವಿರುವ ಸೂಚಿಪರ್ಣಿ ಮರಗಳು ಈ ಗಾಯವನ್ನು ಸಾಮಾನ್ಯವಾಗಿ ತಾವೇ ಮುಚ್ಚಿಕೊಳ್ಳುತ್ತವೆ, ಆದರೆ ಭೂರ್ಜದಂಥ ಅಗಲೆಲೆಯ ಮರಗಳಲ್ಲಿ ರಂಧ್ರದ ಸುತ್ತ ಬಣ್ಣಗೆಡುವುದೂ ಕೊಳೆಯುವುದೂ ಉಂಟು. ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೈರಿಗೆಯನ್ನು ಆಲ್ಕೋಹಾಲ್‌ನಿಂದ ಒರೆಸುವುದನ್ನು ಬಿಡಬಾರದು, ಅರಣ್ಯ ಅಧಿಕಾರಿಗಳ ಅನುಮತಿಯಿಲ್ಲದೆ ಮರವನ್ನು ಮುಟ್ಟಲೂಬಾರದು. 1964ರಲ್ಲಿ ನೆವಾಡದ ವೀಲರ್ ಪೀಕ್‌ನಲ್ಲಿ ಸಂಶೋಧನೆಗೆಂದು ಕಡಿದ ಬ್ರಿಸಲ್‌ಕೋನ್ ಮರದ ವಯಸ್ಸು 4,800 ವರ್ಷಗಳಿಗೂ ಹೆಚ್ಚು ಎಂದು ಉಂಗುರ ಎಣಿಸಿದ ಮೇಲೆ ತಿಳಿಯಿತು. ಅಷ್ಟು ಹಳೆಯ ಜೀವದ ಮುಂದೆ ಕುತೂಹಲಕ್ಕೂ ಒಂದು ಮಿತಿ ಇರಬೇಕು ಎಂಬುದು ನನ್ನ ದೃಢವಾದ ನಿಲುವು.

ಗುಣಮಟ್ಟದ ಬಗ್ಗೆ ಹೇಳುವುದಾದರೆ ಅಗ್ಗದ ಮಾದರಿಗಳಿಂದ ದೂರವಿರಿ: ತುದಿ ಬೇಗ ಮೊಂಡಾಗುತ್ತದೆ, ಮೊಂಡು ತುದಿ ಕಿರಿದಾದ ಉಂಗುರಗಳನ್ನು ಪುಡಿಮಾಡುತ್ತದೆ, ತೆಳುಪಟ್ಟಿ ಬಾಗಿದರೆ ಕಡ್ಡಿ ಒಳಗೇ ತುಂಡಾಗುತ್ತದೆ. ಒಂದೇ ಬೇಸಗೆಯೊಳಗೆ ಮರ ದಿನದಿನಕ್ಕೆ ಹೇಗೆ ಹಿಗ್ಗಿ ಕುಗ್ಗುತ್ತದೆ ಎಂದು ನೋಡಬೇಕಾದವರು ಬೈರಿಗೆಯ ಬದಲು ಕಾಂಡಕ್ಕೆ ಕಟ್ಟುವ ಡೆಂಡ್ರೊಮೀಟರ್ ಕೊಳ್ಳುವುದು ಸರಿ. ಶತಮಾನಗಳ ಲೆಕ್ಕ ಬೇಕಾದವರು ಒಳ್ಳೆಯ ಉಕ್ಕಿನ ಬೋರರ್ ಜೊತೆಗೆ ಹರಿತಗೊಳಿಸುವ ಕಲ್ಲು, ಹೆಚ್ಚುವರಿ ತೆಳುಪಟ್ಟಿ, ಕಡ್ಡಿ ಇಡಲು ಕಾಗದದ ನಳಿಕೆಗಳು ಇಷ್ಟನ್ನೂ ಕೊಳ್ಳಲಿ. ಪ್ಲಾಸ್ಟಿಕ್ ನಳಿಕೆಗಳಲ್ಲಿ ಹಸಿ ಕಡ್ಡಿ ಬೂಷ್ಟು ಹಿಡಿಯುತ್ತದೆ.