ಕಾಫಿ ಬಲ್ಲವರಿಗೇ ಕಾಫಿಪುಡಿ ಕೊಡೋದಿದ್ರೆ ಇಲ್ಲಿಗೆ ಹೋಗಿ

ಚಿಕ್ಕಮಗಳೂರು ಎಂ.ಜಿ. ರೋಡಿನ ಈ ಅಂಗಡಿಯಲ್ಲಿ ನಾನು ಕೊಂಡಿದ್ದು ಅರ್ಧ ಕೆಜಿ ಪೀಬೆರಿ ಪುಡಿ, 85:15, ಅಂದರೆ ನೂರಕ್ಕೆ ಹದಿನೈದು ಚಿಕೋರಿ ಬೇರಿನ ಪುಡಿ. ನನಗಲ್ಲ, ಈ ತಿಂಗಳು ರಿಟೈರ್ ಆದ ನಮ್ಮ ಸೂಪರ್‌ವೈಸರ್ ಮೇಡಂಗೆ.

ನಾನು ಕೆಲಸ ಮಾಡೋದು ಕಾಫಿ ಕ್ಯೂರಿಂಗ್‌ನಲ್ಲಿ. ಎಸ್ಟೇಟಿನಿಂದ ಬಂದ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣ ಬೀಜ) ಸಿಪ್ಪೆ ಕಳಚಿ, ಜರಡಿಯಲ್ಲಿ ಗಾತ್ರದ ಪ್ರಕಾರ ಬೇರೆಯಾಗಿ, ಮೆಷಿನ್ ಕಣ್ಣು ತಪ್ಪಿಸಿ ಬಂದ ಕಪ್ಪು ಬೀಜ, ಒಡಕು ಬೀಜಗಳನ್ನು ಕೊನೆಗೆ ಕೈಯಲ್ಲಿ ಆರಿಸುವ ಟೇಬಲ್ ನಮ್ಮದು. ಮೇಡಂ ಒಂದು ಹಿಡಿ ಬೀಜ ಅಂಗೈಯಲ್ಲಿ ಆಡಿಸಿ, ಇದು ಪೂರ್ತಿ ಎ ಗ್ರೇಡಲ್ಲ, ಬಿ ಬೆರೆತಿದೆ ಅನ್ನುತ್ತಿದ್ದರು. ಆಮೇಲೆ ಎ ಗ್ರೇಡ್ ಅಳೆಯುವ 6.65 ಮಿ.ಮೀ. ಜರಡಿಗೆ ಹಾಕಿದರೆ ಅವರು ಹೇಳಿದ ಹಾಗೇ ಇರುತ್ತಿತ್ತು. ಇಂಥವರಿಗೆ ಕಾಫಿಪುಡಿ ಕೊಡೋದು ಅಂದ್ರೆ ಸುಮ್ನೆ ಅಲ್ಲ. ಸೀರೆ ಎಲ್ಲರೂ ಸೇರಿ ಕೊಟ್ಟೆವು, ಇದು ನನ್ನ ಲೆಕ್ಕದ್ದು ಬೇರೆ.

ಅಮ್ಮನಿಗೆ ಡಯಾಲಿಸಿಸ್ ಶುರುವಾಗಿದ್ದು ಸರಿಯಾಗಿ ಸೀಸನ್ ಹೊತ್ತಿಗೆ. ಜನವರಿ ಬಂತು ಅಂದರೆ ಅರೇಬಿಕಾ ಲೋಡ್ ಮೇಲೆ ಲೋಡ್ ಬರುತ್ತಿರುತ್ತದೆ, ಅರ್ಧ ದಿನ ರಜೆ ಕೇಳೋಕೂ ಬಾಯಿ ಬರಲ್ಲ. ವಾರಕ್ಕೆ ಎರಡು ಸಲ ಆಸ್ಪತ್ರೆ, ಹೋದಾಗೆಲ್ಲ ನಾಲ್ಕು ಗಂಟೆ ಮೆಷಿನ್ ಪಕ್ಕ ಕೂರಬೇಕು. ಕೆಲಸ ಬಿಡುತ್ತೇನೆ ಅಂತ ಹೇಳೋಕೆ ಹೋದವಳನ್ನು ಮೇಡಂ ಕೂರಿಸಿ ಕೇಳಿದ್ದು ಒಂದೇ ಮಾತು, "ಯಾವ್ಯಾವ ದಿನ, ಎಷ್ಟು ಗಂಟೆಗೆ?" ಮಾರನೇ ದಿನ ಡ್ಯೂಟಿ ಚಾರ್ಟ್ ಬದಲಾಗಿತ್ತು. ನಾನಿಲ್ಲದ ಹೊತ್ತು ನನ್ನ ಜಾಗದಲ್ಲಿ ಅವರೇ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಬೀಜ ಆರಿಸೋಕೆ ಕೂರುತ್ತಿದ್ದರಂತೆ. ನನಗೆ ಗೊತ್ತಾಗಿದ್ದು ಪಕ್ಕದ ಟೇಬಲ್‌ನವರಿಂದ. "ಪಾಪ, ಇವಳಿಗೆ ಕಷ್ಟ" ಅಂತ ನಾಲ್ಕು ಜನರ ಮುಂದೆ ಒಂದು ದಿನವೂ ಆಡಲಿಲ್ಲ. ಸಹಾಯ ಮಾಡಿ ಅದನ್ನೇ ವರ್ಷಗಟ್ಟಲೆ ಎತ್ತಿ ಆಡುವವರ ಕೈಕೆಳಗೂ ದುಡಿದಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಸರಿ, ಅಂಗಡಿ ವಿಷಯಕ್ಕೆ ಬರೋಣ. ಕೌಂಟರಿನಲ್ಲಿದ್ದವರು ದುಬಾರಿ ಪ್ಯಾಕೆಟ್ ಮುಂದೆ ತಳ್ಳಲಿಲ್ಲ. ಫಿಲ್ಟರಾ, ಬಟ್ಟೆಯಲ್ಲಿ ಸೋಸೋದಾ, ಹಾಲು ಜಾಸ್ತಿ ಹಾಕ್ತಾರಾ ಅಂತ ಮೊದಲು ಕೇಳಿದರು. ಕೊಡೋದು ಕ್ಯೂರಿಂಗ್‌ನವರಿಗೆ ಅಂದ ತಕ್ಷಣ ನಕ್ಕು, "ಹಾಗಾದ್ರೆ ಬೀಜ ನೀವೇ ನೋಡಿ" ಅಂತ ಹುರಿದ ಪೀಬೆರಿಯನ್ನು ತಟ್ಟೆಗೆ ಸುರಿದರು. ಹಣ್ಣಿನೊಳಗೆ ಎರಡು ಚಪ್ಪಟೆ ಬೀಜದ ಬದಲು ಒಂದೇ ದುಂಡು ಬೀಜ ಬೆಳೆದರೆ ಅದು ಪೀಬೆರಿ. ಕೆದಕಿ ನೋಡಿದೆ, ಚಪ್ಪಟೆ ಬೀಜ ಬೆರೆಸಿರಲಿಲ್ಲ, ಒಡಕೂ ಇರಲಿಲ್ಲ. ಎದುರಿಗೇ ಪುಡಿ ಮಾಡಿ, ಚಿಕೋರಿಯನ್ನು ಬೇರೆಯಾಗಿ ತೂಗಿ ಬೆರೆಸಿದರು. ಕಾನೂನಿನ ಪ್ರಕಾರ ಚಿಕೋರಿ 49% ತನಕ ಇರಬಹುದು. ಅಗ್ಗ ಅಂತ ಕಣ್ಣು ಮುಚ್ಚಿ ಕೊಂಡರೆ ಲೋಟದಲ್ಲಿ ಹತ್ತಿರ ಹತ್ತಿರ ಅರ್ಧ ಬೇರಿನ ಪುಡಿಯೇ ಇರುತ್ತದೆ, ನೋಡಿ ತಗೊಳ್ಳಿ.

ತಕರಾರೂ ಇದೆ. ಯಾವಾಗ ಹುರಿದದ್ದು ಅಂತ ಪ್ಯಾಕೆಟ್ ಮೇಲೆ ಬರೆಯಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಕವರ್ ತೆಳು, ಮನೆಗೆ ಬಂದ ತಕ್ಷಣ ಡಬ್ಬಿಗೆ ಹಾಕಿ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ನೋಡೋಕೆ ಬಂದವರ ಕಾರುಗಳ ನಡುವೆ ಸ್ಕೂಟಿ ನಿಲ್ಲಿಸೋಕೂ ಜಾಗ ಸಿಗಲ್ಲ.

ಪ್ಯಾಕೆಟ್ ಕೈಗಿಟ್ಟಾಗ ಮೇಡಂ "ದುಡ್ಡು ಯಾಕೆ ಹಾಳು ಮಾಡ್ದೆ" ಅಂತ ಬೈದರು. ಮಾರನೇ ದಿನ ಬೆಳಿಗ್ಗೆ ಅವರದೇ ಫೋನ್. "ಡಿಕಾಕ್ಷನ್ ಚೆನ್ನಾಗಿ ಇಳಿದಿದೆ ಕಣೇ, ಹುರಿದಿದ್ದು ಮಾತ್ರ ಒಂದು ಚೂರು ಜಾಸ್ತಿ ಆಯ್ತು. ಅಮ್ಮ ಹೇಗಿದ್ದಾರೆ?" ಮೇಡಂ ಹೇಳಿದ ಮೇಲೆ ಮುಗೀತು, ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ.